ಒದ್ದೆ ಬಟ್ಟೆಯಲ್ಲಿ ಬಂದ ತುಣುಕು

ಯಂಕಂಚಿಯಿಂದ ಬಂದಿದ್ದ ಆ ಹುಡುಗಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಂಡಾಶಯದಲ್ಲಿ ಗಡ್ಡೆ. ಹೊಟ್ಟೆ ತೆರೆದು ಗಡ್ಡೆ ತೆಗೆದ ಸರ್ಜನ್, ಅದರದೊಂದು ತುಣುಕನ್ನು ನಮ್ಮ ಲ್ಯಾಬಿಗೆ ಕಳಿಸಿದ್ದರು. ಅದನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ ಗಾಜಿನ ಪಟ್ಟಿಯ ಮೇಲೆ ಕೊಡುವುದು ನನ್ನ ಕೆಲಸ. ನೋಡಿ ಹೇಳುವುದು ನಮ್ಮ ಡಾಕ್ಟರಮ್ಮನದು. ಕ್ಯಾನ್ಸರ್ ಎಂದಾದರೆ ಗರ್ಭಕೋಶವನ್ನೂ ತೆಗೆಯಬೇಕಾದೀತೆಂದು ಸರ್ಜನ್ ಮೊದಲೇ ಹೇಳಿದ್ದರು. ನಮ್ಮ ಉತ್ತರಕ್ಕಾಗಿ ಹುಡುಗಿಯನ್ನು ಟೇಬಲ್ ಮೇಲೆಯೇ ಮಲಗಿಸಿಕೊಂಡು ಕಾಯುತ್ತಿದ್ದರು.

ಡಬ್ಬಿ ತೆರೆದರೆ ತುಣುಕು ನೀರು ತೊಟ್ಟಿಕ್ಕುವ ಬಟ್ಟೆಯಲ್ಲಿತ್ತು. ಒರೆಸಿ, ಹೆಪ್ಪುಗಟ್ಟಿಸಿ ಕೊಯ್ದೆ. ಒಳಗಿಳಿದಿದ್ದ ನೀರು ಮಂಜಿನ ಹರಳಾಗಿ ಜೀವಕೋಶಗಳನ್ನೆಲ್ಲ ಹರಿದುಹಾಕಿತ್ತು. ಸೂಕ್ಷ್ಮದರ್ಶಕದಲ್ಲಿ ಬರೀ ತೂತು, ಜರಡಿಯ ಹಾಗೆ.

"ಇದರ ಮ್ಯಾಲ ಏನೂ ಹೇಳಾಕ ಆಗೂದಿಲ್ಲ," ಎಂದರು ಡಾಕ್ಟರಮ್ಮ.

ನನ್ನ ಸಿಟ್ಟು ನೆತ್ತಿಗೇರಿತು. ಮೊದಲೇ ನನ್ನ ಬಾಯಿ ಒಳ್ಳೆಯದಲ್ಲ. ಆಪರೇಷನ್ ಕೋಣೆಗೆ ಫೋನ್ ಮಾಡಿ, "ವೀಳ್ಯದೆಲಿ ಕಟ್ಟು ಕಳಸಿದಂಗ ಕಳಸೀರಲ್ಲ?" ಎಂದೆ. ಎತ್ತಿದವಳು ಚಡಚಣದ ಕಡೆಯ ಹೊಸ ನರ್ಸ್.

"ಬಿಸಲ ಭಾಳ ಐತಿ, ಒಣಗಬಾರದಂತ ತೋಯಿಸಿ ಸುತ್ತಿದ್ನಿರಿ," ಎಂದಳು ಮೆಲ್ಲಗೆ.

ಮುಂದೆ ಬೈಯಲಾಗಲಿಲ್ಲ. ನಮ್ಮ ಕಡೆ ಹಾಗೆಯೇ. ಎಲೆ, ಸೊಪ್ಪು, ಕುಡಿಯುವ ನೀರಿನ ಕೊಡ, ಏನನ್ನು ಕಾಪಾಡಬೇಕೆಂದರೂ ಒದ್ದೆ ಬಟ್ಟೆ ಸುತ್ತುತ್ತೇವೆ. "ಇನ್ನೊಂದು ಒಣಾದು ಕಳಸವ್ವಾ, ಲಗೂನ," ಎಂದೆ.

ಅದೇ ಗಡ್ಡೆಯಿಂದ ಮತ್ತೊಂದು ತುಣುಕು ಬಂತು. ಒಣ ಕಾಗದಕ್ಕೆ ಮೆಲ್ಲಗೆ ಒತ್ತಿ, ಅಂಟಿನಲ್ಲಿ ಕೂರಿಸಿ, ಒಮ್ಮೆಲೇ ಕಲ್ಲಾಗುವಂತೆ ಹೆಪ್ಪುಗಟ್ಟಿಸಿದೆ. ನಿಧಾನ ಮಾಡಿದರೆ ಮತ್ತೆ ಹರಳು. ಮೊದಲ ಪದರ ಸುರುಳಿ ಸುತ್ತಿಕೊಂಡಿತು. ಮನಸ್ಸಿನಲ್ಲೇ ಬೈದುಕೊಂಡು ಬ್ಲೇಡು ಬದಲಿಸಿದೆ. ಆಮೇಲಿನದು ಬ್ರಷ್ಷಿನ ತುದಿಗೆ ಚಪ್ಪಟೆಯಾಗಿ ಇಳಿದು ಬಂತು, ಒಂದು ಸುಕ್ಕಿಲ್ಲ. ಅದನ್ನು ಗಾಜಿನ ಪಟ್ಟಿಗೆ ಹಿಡಿಸಿ, ಬಣ್ಣ ಹಾಕಿ ಡಾಕ್ಟರಮ್ಮನ ಮುಂದಿಟ್ಟೆ.

ಡಾಕ್ಟರಮ್ಮ ಬಹಳ ಹೊತ್ತು ನೋಡಿ ಫೋನೆತ್ತಿದರು. "ಕ್ಯಾನ್ಸರ್ ಅಲ್ಲರಿ. ಗರ್ಭಕೋಶ ಮುಟ್ಟಬ್ಯಾಡ್ರಿ."

ಎದೆಯ ಮೇಲಿನ ಭಾರ ಇಳಿದು ನನಗೆ ಅಳುವೇ ಬಂತು. ಬ್ಲೇಡು ಒರೆಸುವ ನೆವದಲ್ಲಿ ಆ ಕಡೆ ಮುಖ ಮಾಡಿ ಅತ್ತೆ.

ಚಹಾಕ್ಕೆ ಹೊರಟಾಗ ಕಾರಿಡಾರಿನಲ್ಲಿ ಹುಡುಗಿಯ ತಾಯಿ ಕೂತಿದ್ದಳು. ಸರ್ಜನ್ ಆಗಷ್ಟೇ ಸುದ್ದಿ ಹೇಳಿ ಹೋಗಿದ್ದರು. ಬೆಳಗಿನಿಂದ ಒಂದು ಗುಟುಕು ನೀರೂ ಮುಟ್ಟದಿದ್ದವಳು, ಬಿಳಿ ಕೋಟು ಕಂಡು ನನ್ನನ್ನೇ ತಡೆದಳು.

"ಅಕ್ಕಾರ, ಎದ್ದ ಮ್ಯಾಲ ಆಕಿಗೆ ಉಣ್ಣಾಕ ಏನ ಕೊಡ್ಲಿರಿ?"