ಗುವಾಹಟಿಯೋ ಕೊಲ್ಹಾಪುರವೋ

“ಅಕ್ಕಾರ, ತಲಿ ತಗ್ಗಸ್ರಿ. ಕಾಚ ಒಡೀತೇನಿ.”

ಕೊಲ್ಹಾಪುರದ ಸೀಮೆಗೆ ಬಂದ ಮೇಲೆ ರಸ್ತೆಯಲ್ಲಿ ಅಪರಿಚಿತನೊಬ್ಬ ನನ್ನೊಡನೆ ಕನ್ನಡದಲ್ಲಿ ಆಡಿದ ಮೊದಲ ಮಾತು ಇದು. ಕಾಚ ಅಂದರೆ ಗಾಜು. ನನ್ನ ಕಾರಿನ ಮುಂದಿನ ಗಾಜು. ಅವನ ಕೈಯಲ್ಲಿ ಕಬ್ಬಿಣದ ಸಲಾಕೆಯಿತ್ತು. ಹಿಂದೆ ರಸ್ತೆ ತುಂಬ ಜನ ಮರಾಠಿಯಲ್ಲಿ ಕೂಗುತ್ತಿದ್ದರು. ಅವನು ಮಾತ್ರ ಬಾಗಿ, ಕಿಟಕಿಯ ಸಂದಿಗೆ ಬಾಯಿಟ್ಟು, ಮನೆಗೆ ಬಂದ ನೆಂಟರಿಗೆ ಹೇಳುವಷ್ಟು ಮರ್ಯಾದೆಯಿಂದ ಹೇಳಿದ. ನಾನು ತಲೆ ತಗ್ಗಿಸಿದೆ. ಅವನು ಒಡೆದ.

ನಾನು ಮಂಡ್ಯದವಳು. ಬಸ್ಸಿಗೆ ಕಲ್ಲು ಬೀಳುವುದು ನಮಗೇನೂ ಹೊಸದಲ್ಲ. ಅಪ್ಪ ಸರ್ಕಾರಿ ಬಸ್ಸಿನ ಚಾಲಕರಾಗಿದ್ದವರು. ನೀರಿನ ಗಲಾಟೆಯ ಕಾಲದಲ್ಲಿ ತಮಿಳುನಾಡಿನ ಕಡೆ ಬಿದ್ದ ಕಲ್ಲಿನ ಗುರುತು ಅವರ ಹುಬ್ಬಿನ ಮೇಲೆ ಇನ್ನೂ ಇದೆ. ಆದರೆ ನಮ್ಮೂರಿನಲ್ಲಿ ಕಲ್ಲು ಎತ್ತುವವರು ನಮ್ಮವರೇ. ಮಹಡಿಯ ಮೇಲೆ ನಿಂತು ನೋಡಿ ಬೆಳೆದವಳಿಗೆ ಕಲ್ಲಿನ ಆ ಕಡೆ ಹೇಗಿರುತ್ತದೆಂದು ಗೊತ್ತಿರಲಿಲ್ಲ.

ಪೈಲಟ್ ಪರವಾನಗಿ ಕೈಗೆ ಬಂದು ಬಹಳ ಕಾಲ ಕೆಲಸವಿಲ್ಲದೆ ಕೂತಿದ್ದೆ. ಆಮೇಲೆ ಒಂದೇ ಮಳೆಗಾಲದಲ್ಲಿ ಎರಡು ಕಡೆಯಿಂದ ಕರೆ ಬಂತು. ಎರಡೂ ಸಣ್ಣ ಊರುಗಳನ್ನು ಜೋಡಿಸುವ ಪ್ರಾದೇಶಿಕ ವಿಮಾನ ಕಂಪನಿಗಳು. ಒಂದರ ಠಿಕಾಣಿ ಗುವಾಹಟಿ: ದೊಡ್ಡ ವಿಮಾನ, ಗುಡ್ಡಗಾಡಿನ ಇಳಿದಾಣಗಳು, ಮುಂದೆ ಯಾವ ಕಂಪನಿಗಾದರೂ ಜಿಗಿಯಬಹುದಾದ ಅನುಭವ. ಇನ್ನೊಂದರದು ಕೊಲ್ಹಾಪುರ: ಹತ್ತೊಂಬತ್ತು ಸೀಟಿನ, ರೆಕ್ಕೆಯ ಮೇಲೆ ಎರಡು ಪಂಖ ತಿರುಗುವ ಪುಟ್ಟ ವಿಮಾನ. ಜನ ಕಡಿಮೆ, ಆದ್ದರಿಂದ ಬೇಗ ಕ್ಯಾಪ್ಟನ್ ಆಗಬಹುದು. ಜೊತೆಗೆ ಕಲಿತವರೆಲ್ಲ ಗುವಾಹಟಿ ಅಂದರು. ಅವ್ವ, “ಕೊಲ್ಲಾಪುರ ಆದ್ರೆ ರಾತ್ರಿ ಬಸ್ ಹತ್ತಿದ್ರೆ ಬೆಳಗ್ಗೆ ಬತ್ತೀನಿ” ಅಂದಳು. ನಾನು ಎರಡನ್ನೂ ಬಿಡಲಿಲ್ಲ. ಗುವಾಹಟಿಯವರು ಮುಂದಿನ ತರಬೇತಿ ತಂಡದವರೆಗೆ ಕಾಯುತ್ತೇವೆಂದರು. ಕೊಲ್ಹಾಪುರದವರು ಮೊದಲು ಹಾರಿ ನೋಡು, ವರ್ಷಗಳ ಒಪ್ಪಂದಕ್ಕೆ ಆಮೇಲೆ ಸಹಿ ಹಾಕು ಅಂದರು. ಹಾಗೆ ಬಂದೆ.

ಮನೆ ಸಿಕ್ಕಿದ್ದು ಇಚಲಕರಂಜಿಯಲ್ಲಿ, ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಮನೆಯೊಡತಿ ಶಾಂತವ್ವನದು ಮನೆಯಲ್ಲಿ ಕನ್ನಡ, ಬಾಗಿಲಾಚೆ ಮರಾಠಿ. ಕೆಳಗೆ ಅವರ ಮಗ್ಗದ ಶೆಡ್ಡು. ವಿದ್ಯುತ್ ಮಗ್ಗದ ಸದ್ದು ಕಿವಿಯಿಂದಲ್ಲ, ಹಲ್ಲಿನಿಂದ ಒಳಗೆ ಬರುತ್ತದೆ. ಲಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಡಿಯುವುದು, ನೆಲ ನಡುಗುವುದು, ನೀರಿನ ಲೋಟದಲ್ಲಿ ಅಲೆ. ಮೊದಲ ವಾರ ನನ್ನನ್ನು ಯಾರೋ ಹೊಡೆಯುತ್ತಿದ್ದಾರೆಂಬ ಕನಸು ಬೀಳುತ್ತಿತ್ತು. ಊಟವೂ ಹಾಗೆಯೇ. ತಾಂಬಡಾ ರಸ್ಸಾ ಅಂತ ಕೆಂಪು ಮಾಂಸದ ಸಾರು, ಮುದ್ದೆ ನುಂಗಿ ಬೆಳೆದ ಗಂಟಲಿಗೆ ಅದು ಬೆಂಕಿ. ನಮ್ಮಲ್ಲಿ ಬೆಲ್ಲ ಅಂದರೆ ಅಂಗೈಯಲ್ಲಿ ಹಿಡಿಯುವ ಅಚ್ಚು. ಇಲ್ಲಿ ಬಕೆಟ್ಟಿನಷ್ಟು ದೊಡ್ಡ ಗಟ್ಟಿ, ಕಲ್ಲಿನಿಂದ ಕುಟ್ಟಿದರೇ ಒಡೆಯುವುದು. ಶಾಂತವ್ವನ ಕನ್ನಡವೂ ನನಗೆ ಅರ್ಧ ಹತ್ತುತ್ತಿರಲಿಲ್ಲ. “ನೀ ಏನ್ ಮಾತಾಡ್ತಿಯವ್ವಾ, ಸಿನೆಮಾದಾಗಿನವರಂಗ!” ಎಂದು ಅವರೂ ನಗುತ್ತಿದ್ದರು.

ನನ್ನ ಕ್ಯಾಪ್ಟನ್ ಜಾಧವ್ ಕೊಲ್ಹಾಪುರದವರೇ. ಕುಸ್ತಿ ಆಡಿದ ಮೈ, ಒಡೆದ ಕಿವಿ. ಆ ಮಳೆಗಾಲದಲ್ಲಿ ಅಡ್ಡಗಾಳಿ ವಿಮಾನವನ್ನು ಕತ್ತು ಹಿಡಿದು ಪಕ್ಕಕ್ಕೆ ಎಳೆಯುವಾಗ ಅವರು ಮುಷ್ಟಿಯಿಂದ ತಮ್ಮ ತೊಡೆಗೇ ಗುದ್ದಿಕೊಂಡು “ಕಾಲು ಒತ್ತು! ಪೆಡಲ್ ಒತ್ತು!” ಎಂದು ಕಿರುಚುತ್ತಿದ್ದರು. ಇಳಿದ ಮೇಲೆ ಏನೂ ಆಗಿಲ್ಲವೆಂಬಂತೆ ಖಾರದ ಮಿಸಳ್ ತಿನ್ನಿಸುತ್ತಿದ್ದರು. ಬೈಗುಳಕ್ಕೆ ನಾನು ಒಗ್ಗಿಕೊಂಡೆ. ಗಾಳಿಗೂ.

ಗಾಜು ಒಡೆದ ಆ ಬೆಳಿಗ್ಗೆ ನಾನು ಬೆಂಗಳೂರಿನ ವಿಮಾನಕ್ಕೆ ಹೊರಟಿದ್ದೆ. ಗಡಿಯಾಚೆ ಎಲ್ಲೋ ಮಹಾರಾಷ್ಟ್ರದ ಲಾರಿಗೆ ಮಸಿ ಬಳಿದಿದ್ದರಂತೆ. ಅದಕ್ಕೆ ಇಲ್ಲಿ ಉತ್ತರ. ನನ್ನ ಕಾರಿನ ನಂಬರ್ ಫಲಕ ಮಂಡ್ಯದ್ದು. ತಿರುವಿನಲ್ಲಿ ಟೈರು ಉರಿಯುತ್ತಿತ್ತು. ಹಿಂದಕ್ಕೆ ಹೋಗಲು ಜಾಗವಿರಲಿಲ್ಲ.

ಗಾಜು ಸಕ್ಕರೆಯಂತೆ ಮಡಿಲಿಗೆ ಸುರಿಯಿತು. ಅಷ್ಟಕ್ಕೇ ಮುಗಿಯಿತೆಂದುಕೊಂಡೆ. ಆದರೆ ಆಮೇಲೆ ಬಂದವರು ಹೇಳಿ ಹೊಡೆಯುವವರಲ್ಲ. ಬಾನೆಟ್ಟಿನ ಮೇಲೆ ಹತ್ತಿ ಕುಣಿದರು. ಒಂದು ಕಲ್ಲು ಕೆನ್ನೆಯ ಮೂಳೆಗೆ ಬಡಿಯಿತು, ಬಾಯಿಯೊಳಗೆ ಉಪ್ಪು ತುಂಬಿತು. ಯಾರೋ ಪಕ್ಕದ ಗಾಜನ್ನೂ ಒಡೆದು, ಕೂದಲಿಗೆ ಕೈ ಹಾಕಿ ಕಿಟಕಿಯಿಂದಲೇ ಹೊರಗೆಳೆಯತೊಡಗಿದರು. ನಾನು ಬಾಯಿಗೆ ಸಿಕ್ಕ ಅಂಗೈಯನ್ನು ಕಚ್ಚಿದೆ. ಅದು ಯಾರ ಅಂಗೈಯೋ, ಬಿಡಲಿಲ್ಲ. ಆಗ ಅದೇ ಸಲಾಕೆಯವನು ಎಳೆಯುತ್ತಿದ್ದವನ ತೋಳಿಗೆ ಹೊಡೆದ. “ಸೋಡಾ! ಬಾಯಿಮಾಣೂಸ ಆಹೇ!” ಅಂದ. ಬಿಡ್ರೋ, ಹೆಣ್ಣುಮಗಳು ಅಂತ. ನನ್ನ ಕಿಟಕಿಗೆ ಬೆನ್ನು ಕೊಟ್ಟು ನಿಂತ. ನನಗೆ ಬರಬೇಕಾಗಿದ್ದ ಮುಂದಿನ ಕಲ್ಲು ಅವನ ಕಣ್ಣಿಗೆ ಬಿತ್ತು.

ಅವನು ಕೂಗಲಿಲ್ಲ. ಕೂತ, ಅಷ್ಟೇ. ರಕ್ತ ನೋಡಿ ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ತಮ್ಮವನಿಗೇ ಬಿತ್ತಲ್ಲ! ಆ ಸಂದಿಯಲ್ಲಿ ಬಾಗಿಲು ತೆರೆದು ಅವನನ್ನು ಒಳಗೆ ಎಳೆದು ಪಕ್ಕದ ಸೀಟಿಗೆ ದಾಟಿಸಿದೆ. ಯಾಕೆಂದು ಈಗಲೂ ಹೇಳಲಾರೆ. ಗಾಡಿ ಸ್ಟಾರ್ಟ್ ಆಯಿತು, ಉರಿಯುವ ಟೈರಿನ ಪಕ್ಕದಿಂದ ನುಗ್ಗಿಸಿದೆ. ಗಾಜಿಲ್ಲದ ಕಾರಿನಲ್ಲಿ ಗಾಳಿ ನೇರ ಗಾಯಕ್ಕೆ ಬಡಿಯುತ್ತಿತ್ತು.

“ಯಾವೂರು ನಿಂದು?” ಕಿರುಚಿದೆ.

“ಗಡಹಿಂಗ್ಲಜ ಹತ್ರರಿ. ಬಸವರಾಜ ನನ್ನ ಹೆಸರು. ಇಲ್ಲೆ ಫೌಂಡ್ರಿಯೊಳಗ ಎರಕಾ ಹೊಯ್ಯೂ ಕೆಲಸ.”

“ಕನ್ನಡದವನಾಗಿ ಕನ್ನಡದ ಗಾಡಿ ಒಡೀತೀಯಾ?”

ಅವನು ಎರಡೂ ಕೈಯಿಂದ ಕಣ್ಣು ಒತ್ತಿಕೊಂಡಿದ್ದ. ಬೆರಳುಗಳ ಸಂದಿಯಿಂದ ರಕ್ತ ಮೊಣಕೈಗೆ ಇಳಿಯುತ್ತಿತ್ತು. “ಕನ್ನಡದಾಂವ ಅಂತನ ಮುಂದ ನಿಲ್ಲಬೇಕ್ರಿ ಅಕ್ಕಾರ. ಹಿಂದ ನಿಂತ್ರ, ಇಂವಾ ಯಾರ ಕಡೆಯಾಂವ ಅಂತ ಕೇಳತಾರ.”

ಕೊಲ್ಹಾಪುರದ ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಒಯ್ದರು. ನನ್ನ ಕೆನ್ನೆಗೆ ಹೊಲಿಗೆ ಹಾಕುತ್ತಿದ್ದಾಗ ಜಾಧವ್ ಬಂದರು. ಕೈಯಲ್ಲಿ ಇಸ್ತ್ರಿ ಮಾಡಿದ ಸಮವಸ್ತ್ರದ ಅಂಗಿ.

“ಜನ ಬಂದು ಕೂತಿದ್ದಾರೆ. ಇವತ್ತು ಇರುವ ಸಹ-ಪೈಲಟ್ ನೀನೊಬ್ಬಳೇ. ಮುಖ ತೊಳೆದು ಬಾ.”

ನಾನು ಕೈ ಚಾಚಿ ತೋರಿಸಿದೆ. ಬೆರಳುಗಳು ಮಗ್ಗದ ಮೇಲಿಟ್ಟಂತೆ ಅದುರುತ್ತಿದ್ದವು. “ಇವತ್ತು ನಾನು ಹಾರಿಸುವುದಿಲ್ಲ, ಸರ್.”

ಅವರು ನನ್ನ ಮಣಿಕಟ್ಟು ಹಿಡಿದರು. ನಡುಕವನ್ನು ಹಿಂಡಿ ತೆಗೆಯುವವರಂತೆ, ನೋವಾಗುವಷ್ಟು ಗಟ್ಟಿಯಾಗಿ. “ಸಣ್ಣ ಕಂಪನಿ ಇದು. ಇಲ್ಲಿ ಎಲ್ಲರೂ ಗಾಯ ಕಟ್ಟಿಕೊಂಡೇ ಹಾರುತ್ತಾರೆ.”

“ಹಾಗಿದ್ದರೆ ಇದು ನನಗೆ ಬೇಡ.”

ಕೈ ಬಿಟ್ಟರು. ಅಂಗಿಯನ್ನು ನೆಲಕ್ಕೆ ಎಸೆದು, ದಾರಿಗಡ್ಡವಿದ್ದ ಸ್ಟೂಲನ್ನು ಒದ್ದು ಹೊರಟುಹೋದರು. ಅದು ಗೋಡೆಗೆ ಬಡಿದು ನರ್ಸು ಚೀರಿದಳು. ನಾನು ಅಲ್ಲೇ ಗುವಾಹಟಿಯವರ ನಂಬರು ಹುಡುಕಿದೆ. ಒತ್ತುವಷ್ಟರಲ್ಲಿ ಡಾಕ್ಟರು ಫೋನು ತೆಗೆದಿಟ್ಟು ಮಿಕ್ಕ ಹೊಲಿಗೆ ಹಾಕತೊಡಗಿದರು.

ಬಸವರಾಜನ ಬಲಗಣ್ಣು ಹೋಯಿತು.

ಮರುದಿನ ಟಿಕೆಟ್ ಕೌಂಟರಿನ ಪೂಜಾ ನನ್ನನ್ನು ನೋಡಲು ಬಂದಾಗ ಅವಳ ಕೈಗೂ ಪಟ್ಟಿ. ವಿಮಾನ ರದ್ದಾಯಿತೆಂದು ಹೇಳುತ್ತಲೇ ಪ್ರಯಾಣಿಕರು ಕೌಂಟರ್ ಮುರಿದರಂತೆ. ಜಾಧವ್ ಅವಳನ್ನು ಹಿಂದಕ್ಕೆ ತಳ್ಳಿ ತಾವು ಮುಂದೆ ನಿಂತರಂತೆ. ಯಾರದು ತಪ್ಪು, ಆ ಪೈಲಟ್ ಎಲ್ಲಿ, ಕರೆಸು ಅಂತ ಜನ ಕೂಗಾಡಿದರಂತೆ. “ರದ್ದು ಮಾಡಿದ್ದು ನಾನು. ಏನಿದ್ದರೂ ನನ್ನನ್ನು ಕೇಳಿ” ಅಂದರಂತೆ ಜಾಧವ್. ಒಬ್ಬ ಸೂಟ್‌ಕೇಸ್ ಎತ್ತಿ ಮುಖಕ್ಕೆ ಬೀಸಿದ. ಕುಸ್ತಿಯ ಆಸಾಮಿ ಕೈ ಎತ್ತಲಿಲ್ಲ. ನನ್ನ ಹೆಸರನ್ನೂ ಎತ್ತಲಿಲ್ಲ.

ಕೆಲವು ದಿನ ಬಿಟ್ಟು ಕಚೇರಿಗೆ ಹೋದೆ. ಅವರ ಮೇಲ್ದುಟಿ ಸೀಳಿತ್ತು, ಮುಂದಿನ ಹಲ್ಲೊಂದು ಇರಲಿಲ್ಲ.

“ಗಾಲ ಕಸಾ ಆಹೇ?” ಅಂದರು. ಕೆನ್ನೆ ಹೇಗಿದೆ?

“ನಿಮ್ಮ ಹಲ್ಲು?”

ಕೈ ಬೀಸಿದರು. ಆಸ್ಪತ್ರೆಯಲ್ಲಿ ಆಡಿದ್ದಕ್ಕೆ ಕ್ಷಮೆ ಕೇಳಲಿಲ್ಲ. ಕಿಟಕಿಯಾಚೆ ನಿಂತ ವಿಮಾನ ನೋಡುತ್ತ, “ಗುವಾಹಟಿಗೆ ಹೋಗು. ವಿಮಾನ ದೊಡ್ಡದು. ನಿನ್ನ ವಯಸ್ಸಿನಲ್ಲಿ ನಾನಾಗಿದ್ದರೆ ಹೋಗುತ್ತಿದ್ದೆ” ಅಂದರು.

ಅಪ್ಪನಿಗೆ ಫೋನ್ ಮಾಡಿದೆ. ಬಂದುಬಿಡು ಅನ್ನುತ್ತಾರೆಂದುಕೊಂಡಿದ್ದೆ. “ಗುವಾಹಟಿಗೋಗ್ತೀಯೋ, ಅಲ್ಲೇ ಇರ್ತೀಯೋ, ನಿನ್ನಿಷ್ಟ ಕಣವ್ವ” ಅಂದರು. “ಕಲ್ಲು ಎಲ್ಲಾ ಊರಲ್ಲೂ ಒಂದೇ ಗಟ್ಟಿ.”

ಗುವಾಹಟಿಯವರಿಗೆ ಉತ್ತರ ಹೇಳಬೇಕಾದ ವಾರ ಬಂತು. ಆ ಭಾನುವಾರ ಬಸವರಾಜನ ತಾಯಿ ನಿಂಗವ್ವ ಊಟಕ್ಕೆ ಕರೆದರು. ಶಾಂತವ್ವ ಜೊತೆಗೆ ಬಂದರು. ಗಡಹಿಂಗ್ಲಜ ದಾಟಿದ ಮೇಲೆ ಅಂಗಡಿ ಫಲಕಗಳೆಲ್ಲ ಮರಾಠಿ, ಅದರ ಕೆಳಗೆ ಕೂತವರ ಮಾತೆಲ್ಲ ಕನ್ನಡ. ಕಬ್ಬಿನ ಹೊಲದ ಅಂಚಿಗೆ ಮನೆ. ನಿಂಗವ್ವ ನನ್ನ ಕೆನ್ನೆಯ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಮಗ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನನ್ನೆದುರು ಚಾಪೆಯ ಮೇಲೆ ಕೂತ. ರೊಟ್ಟಿ, ಕಡಲೆ ಹಿಟ್ಟಿನ ಝುಣಕಾ, ಹಸಿ ಉಳ್ಳಾಗಡ್ಡಿ ಬಂತು. ಅವನು ಉಳ್ಳಾಗಡ್ಡಿಗೆ ಕೈ ಚಾಚಿದರೆ ಕೈ ಅದರ ಪಕ್ಕಕ್ಕೆ ಬೀಳುತ್ತಿತ್ತು. ಎಷ್ಟು ದೂರವೆಂದು ಒಂದೇ ಕಣ್ಣಿಗೆ ಇನ್ನೂ ತಿಳಿಯುತ್ತಿರಲಿಲ್ಲ.

ಶಾಂತವ್ವ ಕೇಳಿದರು, “ಬರೂ ವಾರ ಮತ್ತ ಮೋರ್ಚಾ ಐತಂತಲ್ಲೊ?”

“ಹೌದ್ರಿ. ನಾನೂ ಹೊಂಟೇನಿ.”

ರೊಟ್ಟಿ ನನ್ನ ಬಾಯಲ್ಲೇ ಉಳಿಯಿತು. “ಏನಂದೆ?”

“ಹೋಗಲಿಲ್ಲಂದ್ರ ಹೆಂಗ್ರಿ ಅಕ್ಕಾರ? ಫೌಂಡ್ರಿ ಮಂದಿ ಎಲ್ಲಾ ಹೊಂಟಾರ. ನಿಮ್ಮನ್ನ ಉಳಿಸೀನಂತ ಮೊದಲ ನನ್ನ ಮ್ಯಾಲ ಸಂಶಯ ಐತಿ. ಇನ್ನೊಂದ್ ಸಲ ಮುಂದ ನಿಂತ್ರ ಎಲ್ಲಾ ಸರಿಯಾಗ್ತೈತಿ. ಇನ್ನೂ ಒಂದ್ ಕಣ್ಣ ಐತೆಲ್ಲ!” ಅಂತ ನಕ್ಕ.

ನಾನು ಎದ್ದದ್ದು ನನಗೆ ಗೊತ್ತಿಲ್ಲ. ತಟ್ಟೆ ದಾಟಿ ಹೋಗಿ ಅವನ ಕಪಾಳಕ್ಕೆ ಹೊಡೆದೆ. ಝುಣಕಾ ಮೆತ್ತಿದ ಕೈ. ಕಾಣುವ ಕಣ್ಣಿನ ಕಡೆಗೇ ಬಿತ್ತು, ಆದರೂ ಅವನು ತಪ್ಪಿಸಿಕೊಳ್ಳಲಿಲ್ಲ. ಇನ್ನೊಂದು ಹೊಡೆದೆ. ಕಾರಿನಲ್ಲಿ ಅಳಲಿಲ್ಲ, ಆಸ್ಪತ್ರೆಯಲ್ಲಿ ಅಳಲಿಲ್ಲ, ಅಲ್ಲಿ ಅತ್ತೆ. ಯಾರ ಮನೆಯೊಳಗೆ ಕೂತು ಯಾರ ಮಗನನ್ನು ಹೊಡೆದೆ ಎಂಬ ಅರಿವು ಆಮೇಲೆ ಬಂತು. ಶಾಂತವ್ವ ಬಾಯಿ ಮೇಲೆ ಸೆರಗು ಒತ್ತಿಕೊಂಡಿದ್ದರು.

ನಿಂಗವ್ವ ಒಲೆಯ ಮುಂದಿನಿಂದ ಎದ್ದು ಬಂದರು. ನನ್ನನ್ನು ಹೊರಗೆ ಹಾಕುತ್ತಾರೆಂದುಕೊಂಡೆ. ಚೆಲ್ಲಿದ್ದನ್ನು ಬಳಿದು, ನನ್ನ ತಟ್ಟೆಗೆ ಬಿಸಿ ರೊಟ್ಟಿ ಹಾಕಿದರು.

“ನನಗ ಹೊಡಿಯಾಕ ಆಗಿರಲಿಲ್ಲವ್ವಾ. ಕೈ ಏಳವಲ್ತಾಗಿತ್ತು,” ಅಂದರು. “ಹೊಡದಿ ಅಂದ್ರ ನಮ್ಮಾಕಿನ ಆದಿ. ಕೂಡು, ಉಣ್ಣು.”

ಕೂತೆ. ಉಂಡೆ.

ಮಾರನೆಯ ದಿನ ಗುವಾಹಟಿಗೆ ಬರುವುದಿಲ್ಲವೆಂದು ತಿಳಿಸಿ, ಜಾಧವರ ಎದುರಿನಲ್ಲೇ ಕೊಲ್ಹಾಪುರದ ಒಪ್ಪಂದಕ್ಕೆ ಸಹಿ ಹಾಕಿದೆ. ಗಾಯವಾದ ದಿನ ನಾನು ಹಾರುವುದಿಲ್ಲ ಎಂದು ಮೊದಲೇ ಹೇಳಿದೆ. ಅವರು ಹಲ್ಲಿಲ್ಲದ ಸಂದಿಯಲ್ಲಿ ನಾಲಿಗೆ ಆಡಿಸಿ, “ಗೊತ್ತಾಗಿದೆ” ಅಂದರು. ಗೆಳೆಯರಿಗೆ ಇದು ಇಂದಿಗೂ ಅರ್ಥವಾಗಿಲ್ಲ. ಹೊಡೆಸಿಕೊಂಡ ಊರಿನಲ್ಲೇ ಯಾರಾದರೂ ಉಳಿಯುತ್ತಾರೆಯೇ ಎನ್ನುತ್ತಾರೆ. ಮಂಡ್ಯಕ್ಕೆ ಹೋದಾಗ ನಾನು ‘ಭಾಳ’ ಎಂದರೆ ಅತ್ತೆಯ ಮಕ್ಕಳು ನಗುತ್ತಾರೆ. ನಮ್ಮ ಬೀದಿಯಲ್ಲಿ ಮರಾಠಿಯವರನ್ನು ಯಾರಾದರೂ ಬೈದರೆ ನನ್ನ ಕೆನ್ನೆ ಬಿಸಿಯಾಗುತ್ತದೆ. ಇಚಲಕರಂಜಿಯಲ್ಲಿ ಕರ್ನಾಟಕದವರನ್ನು ಬೈದರೂ ಬಿಸಿಯಾಗುತ್ತದೆ.

ಮೋರ್ಚಾದ ದಿನ ಬಸವರಾಜ ಹೋದ. ಮುಂದಿನ ಸಾಲಿನಲ್ಲೇ ಇದ್ದನೆಂದು ಶಾಂತವ್ವ ಆಮೇಲೆ ಹೇಳಿದರು. ನಾನು ಆವತ್ತು ಜಾಧವರ ಜೊತೆ ಬೆಂಗಳೂರಿಗೆ ಹೊರಟಿದ್ದೆ. ಮೇಲೇರಿ ದಕ್ಷಿಣಕ್ಕೆ ತಿರುಗುವಾಗ ಕೆಳಗೆ ಹೆದ್ದಾರಿಯ ಮೇಲೆ ಕಪ್ಪು ಹೊಗೆ ಎದ್ದಿತ್ತು. ಇಬ್ಬರೂ ನೋಡಿದೆವು. ಉರಿಯುತ್ತಿರುವ ಗಾಡಿಯಲ್ಲಿ ನಮ್ಮವರು ಯಾರಾದರೂ ಇದ್ದಾರೋ ಏನೋ ಅಂತ ಹೊಗೆಯ ಬುಡ ಹುಡುಕಿದೆ. ಬೆಂಕಿ ಹಚ್ಚಿದವರಲ್ಲಿ ನಮ್ಮವನಿದ್ದಾನೋ ಏನೋ ಅಂತಲೂ ಅಷ್ಟೇ ಹುಡುಕಿದೆ.