ದಲಂದಾಳ ಕಹಿ ಕಿತ್ತಳೆ ಮೊರಬ್ಬ

ನಾಬೆಲ್ ಊರಿನಲ್ಲಿ ಕಹಿ ಕಿತ್ತಳೆಯನ್ನು ಹಣ್ಣು ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಹೂವಿನ ಮರ. ವಸಂತದಲ್ಲಿ ಹೂ ಬಿಡಿಸಿ ಸುವಾಸನೆಯ ನೀರು ಬಟ್ಟಿ ಇಳಿಸುತ್ತಾರೆ; ಚಳಿಗಾಲದ ಕಾಯಿ ಸಕ್ಕರೆ ಪಾಕದ ಮೊರಬ್ಬಕ್ಕೆ. ದಲಂದಾಳ ಕೈಯ ಮೊರಬ್ಬವೆಂದರೆ ಬೀದಿಯ ಬಾಣಂತಿಗೂ ಅದೇ ಔಷಧಿ, ಕೆಮ್ಮುವ ಮುದುಕನಿಗೂ ಅದೇ.

ಐವತ್ತೆಂಟನೇ ವಯಸ್ಸಿನಲ್ಲಿ ಅವಳ ಎದೆಯ ಕ್ಯಾನ್ಸರ್ ಮೂಳೆಗೆ ಇಳಿಯಿತು. ಹೆಣ್ಣಿನ ಹಾರ್ಮೋನು ಉಂಡು ಬೆಳೆಯುವ ಜಾತಿಯದು. ಡಾಕ್ಟರು ಎರಡು ಮಾತ್ರೆ ಬರೆದರು: ಒಂದು ಹಾರ್ಮೋನು ತಯಾರಾಗುವುದನ್ನೇ ತಡೆಯುವುದು, ಇನ್ನೊಂದು ರೋಗದ ಜೀವಕೋಶ ಒಂದು ಎರಡಾಗದಂತೆ ಹಿಡಿಯುವುದು. ಜೋಡಿಯಾಗಿ ಕೊಟ್ಟರೆ ರೋಗ ಹೆಚ್ಚು ದಿನ ತೆಪ್ಪಗಿರುತ್ತದೆ ಎಂದರು. ಹಾಗೇ ಆಯಿತು. ನೋವು ಇಳಿದು, ದಲಂದಾ ಹೂ ಬಿಡಿಸಲು ಮತ್ತೆ ಏಣಿ ಹತ್ತಿದಳು.

ಆದರೆ ರಕ್ತದಲ್ಲಿ ಬಿಳಿಕಣ ಕುಸಿಯತೊಡಗಿದವು. ಎರಡನೇ ಮಾತ್ರೆ ನಿಲ್ಲಿಸಿ ನೋಡಿದ್ದಾಯಿತು, ಬಲ ಇಳಿಸಿದ್ದಾಯಿತು. "ಇನ್ನೊಂದು ಸಲ ಹೀಗಾದ್ರೆ ಅದನ್ನ ಬಿಟ್ಟೇಬಿಡಬೇಕಾಗುತ್ತೆ" ಎಂದರು ಡಾಕ್ಟರು.

ಅವತ್ತು ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಇಬ್ತಿಹಾಲ್ ಎಂಬ ಹೊಸ ಹುಡುಗಿ ಕೂತಿದ್ದಳು.

"ಚಿಕ್ಕಮ್ಮ, ಚಕ್ಕೋತದ ಜಾತಿ ಏನಾದ್ರೂ ತಿಂತೀರಾ?"

"ಎಷ್ಟು ಸಲ ಕೇಳ್ತೀರೇ? ಆ ಹಣ್ಣು ನಮ್ಮನೆ ಹೊಸಿಲೇ ದಾಟಿಲ್ಲ."

"ಮತ್ತೆ ಮಾತ್ರೆ ಯಾವುದರ ಜೊತೆ ನುಂಗ್ತೀರಿ?"

"ರೊಟ್ಟಿ, ಮೇಲೆ ನಂದೇ ಮೊರಬ್ಬ ಎರಡು ಚಮಚ. ಅದರಿಂದ್ಲೇ ಜೀವ ಹಿಡಿದಿರೋದು. ತಗೋ, ನಿಂಗೂ ಒಂದು ಶೀಶೆ ತಂದಿದೀನಿ, ಬಡಕಲಾಗಿದೀಯ."

ಇಬ್ತಿಹಾಲ್ ಶೀಶೆಯನ್ನು ಬೆಳಕಿಗೆ ಹಿಡಿದಳು. "ಕಹಿ ಕಿತ್ತಳೆನಾ? ದಿನಾ?"

"ದಿನಾ."

"ಇದೂ ಚಕ್ಕೋತದ ಥರಾನೇ ಚಿಕ್ಕಮ್ಮ. ಮೈಯಲ್ಲಿ ಆ ಎರಡನೇ ಮಾತ್ರೆ ಕರಗಿ ಹೊರಹೋಗೋಕೆ ಬಿಡಲ್ಲ, ಮಾತ್ರೆ ರಕ್ತದಲ್ಲೇ ಕೂಡ್ತಾ ಹೋಗುತ್ತೆ. ಬಿಳಿಕಣ ಬೀಳ್ತಿರೋದು ಅದಕ್ಕೇ ಇರಬಹುದು. ಇವತ್ತಿಂದ ಮುಟ್ಟಬೇಡಿ. ಡಾಕ್ಟರಿಗೆ ನಾನು ಹೇಳ್ತೀನಿ."

ದಲಂದಾ ತಿರುಗಿ ನೋಡಿದಳು. ಹೊರಗೆ ಬೆಂಚಿನ ಮೇಲೆ ಅದೇ ಜೋಡಿ ಮಾತ್ರೆ ನುಂಗುವ ಹೆಂಗಸರಿದ್ದರು, ಅವರಿಗೂ ಮೊರಬ್ಬ ಹಂಚಿದ್ದಳಲ್ಲ! ಸುಮ್ಮನೆ ಬಸ್ಸು ಹತ್ತಿಬಿಡಬಹುದಿತ್ತು. ಇಷ್ಟು ವರ್ಷ ಕೈಗುಣ ಎಂದು ಹೊಗಳಿಸಿಕೊಂಡವಳು, ಯಾವ ಬಾಯಲ್ಲಿ ಹೇಳುವುದು? ಬೆಂಚಿನ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದಳು.

ಅವರಲ್ಲೊಬ್ಬಳು, ಜಲೀಲಾ, ಗಹಗಹಿಸಿದಳು. "ಅಯ್ಯೋ ಮಾರಾಯ್ತಿ, ನೀನು ಕೊಟ್ಟಿದ್ದನ್ನೆಲ್ಲ ನಮ್ಮತ್ತೆ ಬಾಚಿ ತಿಂದ್ಲು. ಅವಳಿಗೆ ಏನೂ ಆಗಲಿಲ್ಲ ನೋಡು!"

ತುದಿಯಲ್ಲಿದ್ದ ರಫೀಕಾ ಮಾತ್ರ ನಗಲಿಲ್ಲ. "ನಾನು ದಿನಾ ತಿಂದೆ, ದಲಂದಾ."

"ಏಳು, ನಡಿ" ಎಂದು ದಲಂದಾ ಅವಳ ತೋಳು ಹಿಡಿದು ಕಿಟಕಿಗೆ ಕರೆತಂದಳು.

ಮೂರು ವಾರದ ಮೇಲೆ ದಲಂದಾಳ ರಕ್ತಪರೀಕ್ಷೆ ಬಂತು. ಬಿಳಿಕಣ ಏರಿದ್ದವು. ಡಾಕ್ಟರು ಎರಡನೇ ಮಾತ್ರೆಯನ್ನೂ ಮುಂದುವರಿಸಲು ಬರೆದುಕೊಟ್ಟರು. ಅವಳು ಚೀಟಿ ಮಡಚಿ ಚೀಲಕ್ಕೆ ಸೇರಿಸಿದಳು, ಆದರೆ ಮನೆಗೆ ಹೊರಡಲಿಲ್ಲ. ರಫೀಕಾ ಒಳಗೆ ಹೋಗಿ ಬಂದು, ತನ್ನದೂ ಏರಿದೆ ಎಂದು ಬಾಗಿಲಲ್ಲೇ ಕೈ ಮೇಲೆತ್ತಿ ತೋರಿಸುವವರೆಗೆ ಬೆಂಚಿನ ಮೇಲೆ ಕಾದಳು.