ತಳವಲ್ಲದ ತಗ್ಗು

ನಮ್ಮ ಗಣಿತದ ಸರ್ ಹಾಕುತ್ತಿದ್ದ ಬಿಳಿ ಅಂಗಿಯ ಕಾಲರಿನಲ್ಲಿ ಯಾವಾಗಲೂ ಒಂದು ಕೆಂಪು ಗೆರೆ ಇರುತ್ತಿತ್ತು. ಸಂಡೂರಿನಿಂದ ಹೊಸಪೇಟೆಯ ಕಾಲೇಜಿಗೆ ಅದಿರಿನ ಲಾರಿಗಳ ಹಿಂದೆ ಮೊಪೆಡ್ಡಿನಲ್ಲಿ ಬಂದವರ ಗುರುತು ಅದು. ಬಂದವರೇ ಕಂಪ್ಯೂಟರ್ ಲ್ಯಾಬಿಗೆ ನುಗ್ಗಿ, ಹಸಿ ಬಟ್ಟೆಯಲ್ಲಿ ಮೊದಲು ಮಾನಿಟರ್ ಒರೆಸಿ, ಆಮೇಲೆ ಅದೇ ಬಟ್ಟೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಲ್ಯಾಬ್ ನೋಡಿಕೊಳ್ಳುತ್ತಿದ್ದವಳು ನಾನು. ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದೆ.

ಐವತ್ತು ದಾಟಿದ ಮೇಲೆ ಅವರಿಗೆ ಪಿಎಚ್‌ಡಿ ಹುಚ್ಚು ಹಿಡಿದಿತ್ತು. ಸಾವಿರಾರು ಚರಾಕ್ಷರಗಳಿರುವ ಲೆಕ್ಕವೆಂದರೆ ಅವರಿಗೆ ಗುಡ್ಡಗಾಡು; ಅದರ ತಳ, ಅಂದರೆ ಉತ್ತರ ಎಲ್ಲಕ್ಕಿಂತ ಕಡಿಮೆ ಬರುವ ಜಾಗ, ಹುಡುಕುವುದು ಅವರ ವಿಷಯ. ನ್ಯೂಟನ್ ವಿಧಾನದಲ್ಲಿ ಇಳಿಯಬೇಕಾದರೆ ಪ್ರತಿ ಹೆಜ್ಜೆಯ ಒಳಗೂ ಸಮೀಕರಣಗಳ ದೊಡ್ಡ ರಾಶಿಯನ್ನು ಬಿಡಿಸಬೇಕು. ನಮ್ಮ ಹಳೇ ಕಂಪ್ಯೂಟರಿಗೆ ಅದು ಆಗದ ಮಾತು. ಹಾಗಾಗಿ ಸರ್ ಆ ರಾಶಿಯನ್ನು ಅರ್ಧಕ್ಕೇ ಬಿಡುವ ದಾರಿ ಹಿಡಿದಿದ್ದರು.

“ಪೂರ್ತಿ ಬಿಡಿಸ್ಕೊಂತ ಕುಂದ್ರಬಾರ್ದಮ್ಮ. ಇಳಿಯೋ ದಿಕ್ಕು ಸಿಕ್ತಂದ್ರ ಸಾಕು, ಹೆಜ್ಜಿ ಇಟ್ಬಿಡಬೇಕು,” ಎನ್ನುತ್ತಿದ್ದರು.

ಕಷ್ಟವಿದ್ದದ್ದು ತಳದಂತೆ ಕಂಡರೂ ತಳವಲ್ಲದ ಜಾಗಗಳಲ್ಲಿ. ಮೊಪೆಡ್ ಕೆಟ್ಟಿದ್ದ ಒಂದು ದಿನ, ಪರೀಕ್ಷೆ ಕೆಲಸಕ್ಕೆ ಸಂಡೂರಿಗೆ ಹೊರಟಿದ್ದ ನನ್ನ ಜೊತೆ ಅವರೂ ಬಸ್ ಹತ್ತಿದ್ದರು. ಎರಡು ಗುಡ್ಡಗಳ ನಡುವೆ, ರಸ್ತೆ ಹತ್ತಿ ಮುಗಿದು ಇಳಿಯಲು ಶುರುವಾಗುವಲ್ಲಿ, ಲಾರಿಗಳು ಸಿಕ್ಕಿಕೊಂಡು ಬಸ್ಸು ನಿಂತಿತು. ಸರ್‌ಗೆ ಅದೇ ಪಾಠವಾಯಿತು. ಗುಡ್ಡದಿಂದ ಇಳಿದು ಬಂದ ಆಡಿಗೆ ಇದೇ ತಳ, ರಸ್ತೆ ಹತ್ತಿ ಬಂದ ನಮಗೆ ಇದೇ ನೆತ್ತಿ. ಆಡು ಇಲ್ಲೇ ನಿಂತರೆ ಕೆಟ್ಟಿತು, ರಸ್ತೆ ಕಡೆ ತಿರುಗಿದರೆ ಇನ್ನೂ ಇಳಿಯಬಹುದು ಎಂದರು. ಮುಂದಿನ ಸೀಟಿನವರು ಆಡು ಎಲ್ಲಿದೆ ಎಂದು ಕಿಟಕಿಯಲ್ಲಿ ಬಗ್ಗಿ ನೋಡಿದರು.

ಅವರ ಪ್ರೋಗ್ರಾಂ ಓಡಿಸಿದಾಗಲೆಲ್ಲ ಅಂಥ ಜಾಗಗಳಿಂದ ತಪ್ಪಿಸಿಕೊಂಡು ಇಳಿಯುತ್ತಿತ್ತು. ಎಂದಿಗೂ ಸಿಕ್ಕಿಬೀಳುವುದಿಲ್ಲ ಎಂದು ಗಣಿತದಲ್ಲಿ ಸಾಧಿಸಿ ತೋರಿಸುವ ಪ್ರೂಫ್ ಮಾತ್ರ ಮುಗಿಯಲಿಲ್ಲ. ಇದ್ದಷ್ಟನ್ನು ಕೊಡಿ, ಪದವಿಗೆ ಅಷ್ಟು ಸಾಕು ಎಂದು ಯೂನಿವರ್ಸಿಟಿಯ ಗೈಡ್ ಹೇಳಿದರು. ಅಷ್ಟರಲ್ಲಿ ಸರ್‌ಗೆ ಕೆಮ್ಮು ಹತ್ತಿಕೊಂಡಿತ್ತು. ಅರ್ಧಕ್ಕೆ ಬಿಡಬೇಕು ಎಂದು ನೀವೇ ಹೇಳುತ್ತೀರಲ್ಲ ಎಂದು ನಾನು ಅವರ ಪಾಠವನ್ನು ಅವರಿಗೇ ಒಪ್ಪಿಸಿದೆ. ಅವರು ನಕ್ಕರು.

“ಅದು ಒಳಗಿನ ಲೆಕ್ಕಕ್ಕಮ್ಮ. ಹೊರಗಿನ ನಡಿಗಿ ನಡುವ ಬಿಡಂಗಿಲ್ಲ.”

ಆಸ್ಪತ್ರೆಯನ್ನೂ ಇದೊಂದು ಮುಗಿಯಲಿ ಎಂದೇ ಮುಂದೂಡಿದರು. ಕೊನೆಗೆ ಮನೆಯವರು ಬಲವಂತವಾಗಿ ಸೇರಿಸಿದಾಗ ತಡವಾಗಿತ್ತು. ಕೈಗೆ ಬಂದಿದ್ದ ಪದವಿಯೂ ಹೋಯಿತು, ಸರ್ ಕೂಡ ಹೋದರು.

ಶಿವಗಣಾರಾಧನೆಯ ಕಾರ್ಡು ಅಚ್ಚಿಗೆ ಹೋಗುವ ಮೊದಲು ನೋಡಿಕೊಡಲು ನನ್ನನ್ನು ಕರೆದಿದ್ದರು. ಸರ್ ಅವರ ತಮ್ಮನವರು ಅಭಿಮಾನದಿಂದ ಅಣ್ಣನ ಹೆಸರಿನ ಮೊದಲು ‘ಡಾ.’ ಸೇರಿಸಿದ್ದರು. ಸರ್ ಹೆಂಡತಿ ಅದನ್ನು ನನ್ನ ಮುಂದೆ ಹಿಡಿದು, ಅವರ ಲೆಕ್ಕದ ಆ ಪ್ರೂಫ್ ಮುಗಿದಿತ್ತೇನಮ್ಮ ಎಂದು ಕೇಳಿದರು. ಹೂಂ ಎನ್ನಬೇಕೆಂದಿದ್ದೆ; ಆದರೆ ಸ್ವಲ್ಪ ಉಳಿದಿತ್ತು ಎಂದೆ.

ಅವರು ನನ್ನ ಪೆನ್ನು ಇಸಿದುಕೊಂಡು ಆ ಅಕ್ಷರದ ಮೇಲೆ ಗೀಟು ಹಾಕಿದರು.

“ಹಂಗಾರ ಬ್ಯಾಡಮ್ಮ. ಅವ್ರು ಸಿಟ್ಟಾಗ್ತಾರ.”